ಉಗಿಯ ಲೆಕ್ಕವಿಟ್ಟ ಜೇಮ್ಸ್ ವಾಟ್

ಜೇಮ್ಸ್ ವಾಟನ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. ಒಲೆಯ ಮೇಲಿನ ಕೆಟಲಿನ ಮುಚ್ಚಳವು ಉಗಿಯ ಬಲದಿಂದ ಕುಣಿಯುವುದನ್ನು ಹುಡುಗನೊಬ್ಬನು ಕಂಡನೆಂದೂ, ಉಗಿಯಂತ್ರವು ಅಲ್ಲಿಂದಲೇ ಹುಟ್ಟಿತೆಂದೂ ಹೇಳುವ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಕಥೆಯೇನೋ ಸೊಗಸಾಗಿದೆ. ಆದರೆ ವಾಟನು ಹುಟ್ಟುವುದಕ್ಕೆ 24 ವರ್ಷ ಮೊದಲೇ, ಎಂದರೆ 1712ರಲ್ಲಿ, ಇಂಗ್ಲೆಂಡಿನ ಡಡ್ಲಿ ಪಟ್ಟಣದ ಬಳಿ ಥಾಮಸ್ ನ್ಯೂಕಮೆನ್ ಎಂಬ ಕಬ್ಬಿಣದ ವ್ಯಾಪಾರಿಯು ನಿಲ್ಲಿಸಿದ ಉಗಿಯಂತ್ರವು ಗಣಿಯೊಳಗಿನ ನೀರನ್ನು ಮೇಲೆತ್ತುತ್ತಿತ್ತು. ಹಾಗಾದರೆ ವಾಟನು ಮಾಡಿದುದೇನು? ಉಗಿಗೆ ಬಲವುಂಟೆಂಬುದನ್ನು ಅವನು ಕಂಡುಹಿಡಿಯಲಿಲ್ಲ. ಆ ಬಲವು ಎಲ್ಲಿ ಸೋರಿಹೋಗುತ್ತಿದೆ, ಎಷ್ಟು ಸೋರಿಹೋಗುತ್ತಿದೆ, ಅದನ್ನು ತಡೆಯುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದನು. ಅವನ ಹಿರಿಮೆಯು ಅಲ್ಲಿದೆ. ಆ ಹುಡುಕಾಟದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ವಾಟನು 1736ನೆಯ ಇಸವಿಯ ಜನವರಿ 19ರಂದು ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ ಹುಟ್ಟಿದನು. ಅವನ ಅಜ್ಜನು ಗಣಿತದ ಉಪಾಧ್ಯಾಯನಾಗಿದ್ದನು. ತಂದೆಯು ಹಡಗಿನ ಕೆಲಸ ಬಲ್ಲವನು. ಹಡಗುಗಳಿಗೆ ಬೇಕಾದ ಸಾಮಾನುಗಳ ವ್ಯಾಪಾರವನ್ನೂ ನಡೆಸುತ್ತಿದ್ದನು. ಬಾಲಕ ಜೇಮ್ಸನ ಮೈ ಬಹಳ ನಾಜೂಕು. ತಲೆನೋವು ಅವನನ್ನು ಬಿಟ್ಟದ್ದೇ ಇಲ್ಲ. ಎಷ್ಟೋ ದಿನ ಶಾಲೆಗೆ ಹೋಗಲಾಗದೆ ಮನೆಯಲ್ಲಿಯೇ ತಾಯಿಯಿಂದ ಪಾಠ ಕಲಿತನು. ತಂದೆಯು ತನ್ನ ಕಾರ್ಯಾಗಾರದ ಮೂಲೆಯಲ್ಲಿ ಅವನಿಗೂ ಒಂದಿಷ್ಟು ಸಲಕರಣೆಗಳನ್ನು ಕೊಟ್ಟಿದ್ದನು. ಹಡಗಿನವರು ಬಳಸುವ ಅಳತೆಯ ಉಪಕರಣಗಳನ್ನು ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ಹುಡುಗನ ದಿನಗಳು ಕಳೆಯುತ್ತಿದ್ದವು. ಕಣ್ಣಿಗೆ ಕಾಣುವುದನ್ನು ಅಳೆದು ನೋಡಬೇಕೆಂಬ ಗುಣವು ಅವನಿಗೆ ಅಲ್ಲಿಯೇ ಅಂಟಿತು.

1753ರಲ್ಲಿ ತಾಯಿಯು ತೀರಿಕೊಂಡಳು. ತಂದೆಯ ವ್ಯಾಪಾರವೂ ಇಳಿಮುಖವಾಯಿತು. ಅಳತೆಯ ಉಪಕರಣಗಳನ್ನು ತಯಾರಿಸುವ ಕಸುಬನ್ನು ಕಲಿಯಬೇಕೆಂದು ವಾಟನು 1755ರಲ್ಲಿ ಲಂಡನ್ನಿಗೆ ಹೊರಟನು. ಆಗಿನ ಕಟ್ಟಳೆಯಂತೆ ಆ ಕಸುಬನ್ನು ಕಲಿಯಲು ಏಳು ವರ್ಷ ಶಿಷ್ಯವೃತ್ತಿ ಮಾಡಬೇಕು. ಅಷ್ಟು ವರ್ಷ ಕಾಯುವ ಅನುಕೂಲವು ವಾಟನಿಗೆ ಇರಲಿಲ್ಲ. ಜಾನ್ ಮಾರ್ಗನ್ ಎಂಬ ಕುಶಲಿಯು 20 ಗಿನಿ ಹಣ ಪಡೆದು ಒಂದು ವರ್ಷ ಕಲಿಸಲು ಒಪ್ಪಿದನು. ಏಳು ವರ್ಷದ ವಿದ್ಯೆಯನ್ನು ಒಂದು ವರ್ಷದಲ್ಲಿ ಮುಗಿಸಬೇಕೆಂಬ ಛಲದಿಂದ ವಾಟನು ಅರೆಹೊಟ್ಟೆಯುಂಡು ಹಗಲಿರುಳು ದುಡಿದನು. ವರ್ಷದ ಕೊನೆಗೆ ವಿದ್ಯೆಯು ಕೈಗೆ ಬಂದಿತು, ಆರೋಗ್ಯವು ಕೈಬಿಟ್ಟಿತು. 1756ರಲ್ಲಿ ಊರಿಗೆ ಮರಳಿ ಚೇತರಿಸಿಕೊಂಡನು. ಮರುವರ್ಷ ಗ್ಲಾಸ್ಗೋ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿಯೇ ಅವನಿಗೆ ಒಂದು ಕೋಣೆಯನ್ನು ಕೊಟ್ಟಿತು. ಪ್ರಾಧ್ಯಾಪಕರ ಉಪಕರಣಗಳನ್ನು ದುರಸ್ತಿ ಮಾಡುವುದು ಅವನ ಉದ್ಯೋಗ. ಪದವಿಯಿಲ್ಲದ ಈ ಕೈಗೆಲಸದವನ ಕೋಣೆಯು ಕೆಲವೇ ದಿನಗಳಲ್ಲಿ ವಿದ್ವಾಂಸರು ಕೂಡುವ ಜಾಗವಾಯಿತು. ರಸಾಯನಶಾಸ್ತ್ರಜ್ಞನಾದ ಜೋಸೆಫ್ ಬ್ಲ್ಯಾಕನೂ, ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ನನೂ ಅವನ ಆಪ್ತಮಿತ್ರರಾದರು.

1763ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ನನ ತರಗತಿಗೆ ಸೇರಿದ ಒಂದು ಚಿಕ್ಕ ಮಾದರಿಯಂತ್ರವು ದುರಸ್ತಿಗಾಗಿ ವಾಟನ ಕೈಸೇರಿತು. ಅದು ನ್ಯೂಕಮೆನ್ನನ ಯಂತ್ರದ ಮಾದರಿ. ಅದರ ಸಿಲಿಂಡರಿನ ವ್ಯಾಸವು ಸುಮಾರು 2 ಅಂಗುಲ ಮಾತ್ರ. ವಾಟನು ಅದನ್ನು ಸರಿಪಡಿಸಿ ಬೆಂಕಿ ಹೊತ್ತಿಸಿದನು. ಯಂತ್ರವು ಕೆಲವು ಸಲ ಆಡಿ ನಿಂತುಬಿಟ್ಟಿತು. ಬಾಯ್ಲರಿನಲ್ಲಿ ಬೆಂಕಿಯಿದೆ, ನೀರಿದೆ. ಆದರೆ ಉಗಿಯು ಸಾಲದು! ಬೇರೊಬ್ಬನಾಗಿದ್ದರೆ ಬಾಯ್ಲರು ಚಿಕ್ಕದಾಯಿತೆಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದನು. ವಾಟನು ಹಾಗೆ ಮಾಡಲಿಲ್ಲ. ಹುಟ್ಟಿದ ಉಗಿಯೆಲ್ಲ ಎಲ್ಲಿ ಹೋಯಿತೆಂದು ಯೋಚಿಸತೊಡಗಿದನು.

ಆ ಯಂತ್ರವು ಕೆಲಸಮಾಡುವ ಬಗೆಯನ್ನು ಮೊದಲು ತಿಳಿಯೋಣ. ಬಾಯ್ಲರಿನ ಉಗಿಯು ಸಿಲಿಂಡರಿನೊಳಗೆ ಬಂದು ತುಂಬುತ್ತದೆ, ಪಿಸ್ಟನ್ನು ಮೇಲಕ್ಕೇರುತ್ತದೆ. ಆಗ ಸಿಲಿಂಡರಿನೊಳಗೆ ತಣ್ಣೀರನ್ನು ಚಿಮುಕಿಸುತ್ತಾರೆ. ಉಗಿಯು ಆರಿ ನೀರಹನಿಗಳಾಗುತ್ತದೆ, ಒಳಗೆ ಶೂನ್ಯವುಂಟಾಗುತ್ತದೆ. ಹೊರಗಿನ ಗಾಳಿಯ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಹೀಗೆ ಇಳಿಯುವಾಗ ಯಂತ್ರವು ಕೆಲಸ ಮಾಡುತ್ತದೆ. ಮತ್ತೆ ಉಗಿ, ಮತ್ತೆ ತಣ್ಣೀರು. ಇದರಲ್ಲಿ ತಪ್ಪೆಲ್ಲಿದೆ? ನಮ್ಮ ಮನೆಯ ದೋಸೆಯ ಕಾವಲಿಯನ್ನು ನೆನೆಯಿರಿ. ಒಂದು ದೋಸೆ ತೆಗೆದೊಡನೆ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದು ತಣ್ಣಗೆ ಮಾಡಿ, ಪುನಃ ಒಲೆಯ ಮೇಲಿಟ್ಟು ಕಾಯಿಸಿ, ಎರಡನೆಯ ದೋಸೆ ಹೊಯ್ಯುವ ಗೃಹಿಣಿಯು ಎಲ್ಲಿಯಾದರೂ ಉಂಟೇ? ಅಂಥವಳ ಮನೆಯಲ್ಲಿ ಸೌದೆಯೆಲ್ಲ ಕಾವಲಿಯನ್ನು ಕಾಯಿಸುವುದಕ್ಕೇ ವೆಚ್ಚವಾಗುವುದು. ದೋಸೆಗೆ ಉಳಿಯುವುದು ಅತ್ಯಲ್ಪ. ನ್ಯೂಕಮೆನ್ನನ ಯಂತ್ರವು ಮಾಡುತ್ತಿದ್ದುದು ಅದನ್ನೇ. ಒಂದೇ ಸಿಲಿಂಡರು ಪ್ರತಿಸಲವೂ ಕಾಯಬೇಕು, ಪ್ರತಿಸಲವೂ ಆರಬೇಕು. ಒಳಗೆ ಬಂದ ಉಗಿಯಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಆರಿದ ಲೋಹವನ್ನು ಬಿಸಿಮಾಡುವುದರಲ್ಲಿಯೇ ವ್ಯರ್ಥವಾಗುತ್ತಿದೆಯೆಂದು ವಾಟನು ಲೆಕ್ಕ ಕಟ್ಟಿದನು.

ಪ್ರಯೋಗಗಳು ಮುಂದುವರಿದಂತೆ ಇನ್ನೊಂದು ಸೋಜಿಗವು ಕಂಡಿತು. ಸ್ವಲ್ಪ ಉಗಿಯನ್ನು ತಣ್ಣೀರಿನೊಳಗೆ ಬಿಟ್ಟಾಗ, ಆ ಉಗಿಯು ತನ್ನ ತೂಕಕ್ಕಿಂತ ಸುಮಾರು ಆರುಪಟ್ಟು ತೂಕದ ನೀರನ್ನು ಕುದಿಯುವ ಮಟ್ಟಕ್ಕೆ ಏರಿಸಿತು. ಕುದಿಯುವ ನೀರಿಗೂ ಅದರಿಂದೇಳುವ ಉಗಿಗೂ ಉಷ್ಣಮಾಪಕವು ಒಂದೇ ಅಂಕವನ್ನು ತೋರಿಸುತ್ತದೆ. ಹೀಗಿರುವಾಗ ಉಗಿಯಲ್ಲಿ ಇಷ್ಟೊಂದು ಕಾವು ಎಲ್ಲಿ ಅಡಗಿತ್ತು? ವಾಟನು ಮಿತ್ರನಾದ ಬ್ಲ್ಯಾಕನನ್ನು ಕೇಳಿದನು. ನೀರು ಉಗಿಯಾಗುವಾಗ ಬಹಳಷ್ಟು ಶಾಖವನ್ನು ಗುಟ್ಟಾಗಿ ಹೀರಿಕೊಂಡು, ಮರಳಿ ನೀರಾಗುವಾಗ ಅದನ್ನು ಹೊರಗೆ ಬಿಡುತ್ತದೆಂದು ಬ್ಲ್ಯಾಕನು ಮೊದಲೇ ಕಂಡುಹಿಡಿದಿದ್ದನು. ನೀವು ವಿಜ್ಞಾನದ ಪಾಠದಲ್ಲಿ ಓದುವ ಗುಪ್ತೋಷ್ಣವೆಂದರೆ ಇದೇ. ವ್ಯರ್ಥವಾಗುವ ಪ್ರತಿಯೊಂದು ಸೇರು ಉಗಿಯೊಡನೆ ಎಷ್ಟು ಕಲ್ಲಿದ್ದಲು ಬೂದಿಯಾಗುತ್ತಿದೆಯೆಂಬುದು ಇದರಿಂದ ಇನ್ನೂ ಸ್ಪಷ್ಟವಾಯಿತು.

ಸಿಲಿಂಡರು ಸದಾ ಬಿಸಿಯಾಗಿರಬೇಕು. ಉಗಿಯು ಮಾತ್ರ ಆರಿ ನೀರಾಗಬೇಕು. ಒಂದೇ ಪಾತ್ರೆಯಲ್ಲಿ ಇವೆರಡೂ ಹೇಗೆ ಸಾಧ್ಯ? ಈ ತೊಡಕು ವಾಟನನ್ನು ಎಷ್ಟೋ ತಿಂಗಳು ಕಾಡಿತು. 1765ರ ಮೇ ತಿಂಗಳ ಒಂದು ಭಾನುವಾರ ಅವನು ಗ್ಲಾಸ್ಗೋದ ಹಸುರು ಮೈದಾನದಲ್ಲಿ ಅಡ್ಡಾಡುತ್ತಿದ್ದನು. ಆಗ ಪರಿಹಾರವು ಮಿಂಚಿನಂತೆ ಹೊಳೆಯಿತು. ಪಾತ್ರೆಯು ಒಂದೇ ಏಕಿರಬೇಕು? ಸಿಲಿಂಡರಿಗೆ ಇನ್ನೊಂದು ಪಾತ್ರೆಯನ್ನು ಕೊಳವೆಯಿಂದ ಜೋಡಿಸಿ, ಆ ಪಾತ್ರೆಯನ್ನು ಸದಾ ತಣ್ಣಗಿಡುವುದು. ಉಗಿಯು ಅಲ್ಲಿಗೆ ನುಗ್ಗಿ ನೀರಾಗುವುದು. ಸಿಲಿಂಡರು ತನ್ನ ಬಿಸಿಯನ್ನು ಬಿಡದೆ ಇರುವುದು. ಬೇರೆಯಾಗಿ ನಿಂತ ಈ ಕಂಡೆನ್ಸರೇ ವಾಟನ ಮಹತ್ತಾದ ಶೋಧನೆ. ಅಂದು ಭಾನುವಾರವಾದುದರಿಂದ ಕೈಗೆಲಸ ಮಾಡುವುದು ಅವನ ನಾಡಿನ ಸಂಪ್ರದಾಯಕ್ಕೆ ವಿರುದ್ಧ. ಸೋಮವಾರ ಬೆಳಗಾಗುವ ತನಕ ಕಾದು, ಅನಂತರ ಮಾದರಿಯನ್ನು ಮಾಡಲು ಕುಳಿತನು.

ಯೋಚನೆಯು ಒಂದು ಕ್ಷಣದಲ್ಲಿ ಹೊಳೆಯಿತು. ಅದು ಯಂತ್ರವಾಗಿ ನಿಲ್ಲುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಈ ಹನ್ನೊಂದು ವರ್ಷಗಳನ್ನು ಕೆಟಲಿನ ಕಥೆಯು ಹೇಳುವುದೇ ಇಲ್ಲ. ದೊಡ್ಡ ಸಿಲಿಂಡರನ್ನು ಸರಿಯಾದ ದುಂಡಗೆ ಕೊರೆಯಬಲ್ಲ ಕೆಲಸಗಾರರು ಸಿಗಲಿಲ್ಲ. ಪಿಸ್ಟನ್ನಿನ ಸುತ್ತಲೂ ಉಗಿ ಸೋರುತ್ತಿತ್ತು. ಜಾನ್ ರೋಬಕ್ ಎಂಬ ಉದ್ಯಮಿಯು ಮೂರರಲ್ಲಿ ಎರಡು ಪಾಲಿನ ಹಕ್ಕಿಗೆ ಒಪ್ಪಿ ಹಣ ಹಾಕಿದನು. 1769ರಲ್ಲಿ ಪೇಟೆಂಟೂ ದೊರೆಯಿತು. ಆದರೆ ಹೊಟ್ಟೆಯ ಪಾಡು ನೀಗಬೇಕಲ್ಲ! ವಾಟನು ಕಾಲುವೆಗಳಿಗಾಗಿ ಭೂಮಿಯನ್ನು ಅಳೆಯುವ ಕೆಲಸಕ್ಕೆ ಹೋಗಬೇಕಾಯಿತು. 1773ರಲ್ಲಿ ಉತ್ತರದ ಬೆಟ್ಟಸೀಮೆಯಲ್ಲಿ ಮಳೆ ಚಳಿಗಳ ನಡುವೆ ಅಳತೆ ನಡೆಸುತ್ತಿದ್ದಾಗ ಮನೆಯಿಂದ ಕರೆ ಬಂದಿತು. ಅವನು ಬಂದು ತಲಪುವ ಮುನ್ನವೇ, ಒಂಬತ್ತು ವರ್ಷ ಅವನೊಡನೆ ಕಷ್ಟವುಂಡ ಪತ್ನಿ ಮಾರ್ಗರೆಟಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಎಳೆಯ ಮಕ್ಕಳು ಮನೆಯಲ್ಲಿದ್ದರು. ಅದೇ ವರ್ಷ ರೋಬಕನೂ ದಿವಾಳಿಯೆದ್ದನು. ಯಂತ್ರದ ಆಸೆಯನ್ನು ಬಿಟ್ಟಿದ್ದರೆ ವಾಟನನ್ನು ಯಾರೂ ದೂರುತ್ತಿರಲಿಲ್ಲ. ಅವನು ಬಿಡಲಿಲ್ಲ.

ರೋಬಕನ ಪಾಲನ್ನು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ವಹಿಸಿಕೊಂಡನು. ಸೋಹೋ ಎಂಬಲ್ಲಿ ಅವನ ದೊಡ್ಡ ಕಾರ್ಖಾನೆಯಿತ್ತು. ವಾಟನು 1774ರಲ್ಲಿ ಅಲ್ಲಿಗೆ ಬಂದು ನೆಲೆಸಿದನು. ಫಿರಂಗಿಗಳನ್ನು ಕೊರೆಯುವ ಹೊಸ ಸಾಧನವನ್ನು ನಿರ್ಮಿಸಿದ್ದ ಜಾನ್ ವಿಲ್ಕಿನ್‌ಸನ್ನನು ವಾಟನಿಗೆ ಬೇಕಾದ ನಿರ್ದುಷ್ಟ ಸಿಲಿಂಡರುಗಳನ್ನು ಕೊರೆದುಕೊಟ್ಟನು. 1776ರಲ್ಲಿ ಮೊದಲ ಯಂತ್ರಗಳು ನಡೆಯತೊಡಗಿದವು. ಕಲ್ಲಿದ್ದಲೇ ಇಲ್ಲದ ಕಾರ್ನ್‌ವಾಲ್ ಸೀಮೆಯ ತಾಮ್ರ ಮತ್ತು ತವರದ ಗಣಿಗಳಿಗೆ ಇವು ವರದಾನವಾದವು. ಅಲ್ಲಿ ಯಂತ್ರದ ಬೆಲೆಯನ್ನು ಕಟ್ಟಿದ ರೀತಿಯು ವಾಟನ ಸ್ವಭಾವಕ್ಕೆ ತಕ್ಕುದಾಗಿತ್ತು. ಹಳೆಯ ಯಂತ್ರವು ಸುಡುತ್ತಿದ್ದ ಕಲ್ಲಿದ್ದಲೆಷ್ಟು, ಹೊಸತು ಸುಡುವುದೆಷ್ಟು ಎಂದು ಲೆಕ್ಕವಿಟ್ಟು, ಉಳಿತಾಯದ ಮೂರನೆಯ ಒಂದು ಪಾಲನ್ನು ಗಣಿಯವರು ಕೊಡಬೇಕು. ಉಳಿಯದಿದ್ದರೆ ಹಣವೂ ಇಲ್ಲ!

ಇಲ್ಲಿಂದ ಮುಂದೆ ಶೋಧನೆಗಳು ಒಂದರ ಹಿಂದೊಂದು ಬಂದವು. ಮೇಲೆ ಕೆಳಗೆ ಆಡುವ ಚಲನೆಯನ್ನು ಚಕ್ರದ ತಿರುಗಾಟವಾಗಿ ಮಾಡುವ ಉಪಾಯಕ್ಕೆ 1781ರಲ್ಲಿ ಪೇಟೆಂಟು ಪಡೆದನು. ಯಂತ್ರದ ಬಲವನ್ನು ಕೊಳ್ಳುವವರಿಗೆ ತಿಳಿಯಹೇಳಲು ಕುದುರೆಯ ಬಲವನ್ನು ಮಾನವಾಗಿ ಇಟ್ಟನು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವುದೇ ಒಂದು ಅಶ್ವಶಕ್ತಿ. 1788ರಲ್ಲಿ ಯಂತ್ರಕ್ಕೆ ಗವರ್ನರು ಎಂಬ ಅಂಗವನ್ನು ಜೋಡಿಸಿದನು. ಅದರಲ್ಲಿ ಎರಡು ಗುಂಡುಗಳು ಗಿರಗಿರನೆ ಸುತ್ತುತ್ತಿರುತ್ತವೆ. ಯಂತ್ರದ ವೇಗವು ಹೆಚ್ಚಿದರೆ ಗುಂಡುಗಳು ಮೇಲೆದ್ದು ಉಗಿಯ ಬಾಗಿಲನ್ನು ತುಸು ಮುಚ್ಚುತ್ತವೆ. ವೇಗವು ತಗ್ಗಿದರೆ ಕೆಳಗಿಳಿದು ತುಸು ತೆರೆಯುತ್ತವೆ. ಗಾಳಿಗಿರಣಿಗಳಲ್ಲಿ ಈ ಬಗೆಯ ಗುಂಡುಗಳು ಮೊದಲೇ ಇದ್ದವು. ಅವುಗಳನ್ನು ಉಗಿಗೆ ಒಗ್ಗಿಸಿದ ಯಶಸ್ಸು ವಾಟನದು. ಇದರಿಂದ ಯಂತ್ರವು ತನ್ನನ್ನು ತಾನೇ ಗಮನಿಸಿಕೊಂಡು ತಿದ್ದಿಕೊಳ್ಳುವುದನ್ನು ಕಲಿತಂತಾಯಿತು.

ಉಗಿಯಿಂದ ಕೋಣೆಯನ್ನು ಬೆಚ್ಚಗಿಡುವ ಪ್ರಯತ್ನವನ್ನೂ ವಾಟನು ಮಾಡಿದನು. 1784ರ ಚಳಿಗಾಲದಲ್ಲಿ ತಾನು ಕುಳಿತು ಬರೆಯುವ ಕೋಣೆಯಲ್ಲಿ ತವರ ಬಳಿದ ತಗಡುಗಳ ಒಂದು ತೆಳುವಾದ ಪೆಟ್ಟಿಗೆಯನ್ನು ನಿಲ್ಲಿಸಿ, ಬಾಯ್ಲರಿನ ಉಗಿಯನ್ನು ಅದರೊಳಗೆ ಹರಿಸಿದನು. ಫಲವು ನೆನೆಸಿದಷ್ಟು ದೊರೆಯಲಿಲ್ಲ. ಹೊಳೆಯುವ ತಗಡು ತನ್ನ ಕಾವನ್ನು ಸುಲಭವಾಗಿ ಹೊರಗೆ ಚೆಲ್ಲುವುದಿಲ್ಲವೆಂಬುದು ಈಗ ನಮಗೆ ತಿಳಿದಿದೆ. ಆದರೂ ದಾರಿಯು ತೆರೆಯಿತು. ಕೆಲವೇ ವರ್ಷಗಳಲ್ಲಿ ಬೋಲ್ಟನ್ ಮತ್ತು ವಾಟರ ಸಂಸ್ಥೆಯು ಹತ್ತಿಯ ಗಿರಣಿಗಳನ್ನು ಉಗಿಯ ಕೊಳವೆಗಳಿಂದ ಬೆಚ್ಚಗಿಡುವ ಕೆಲಸವನ್ನೂ ಕೈಗೊಂಡಿತು.

ಚಳಿನಾಡುಗಳ ಮನೆಗಳಲ್ಲಿ ಇಂದಿಗೂ ಬಾಯ್ಲರುಗಳಿವೆ. ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಕೋಣೆಕೋಣೆಗೂ ಸುತ್ತಿಸಿ, ಆರಿದ ನೀರನ್ನು ಮರಳಿ ಬಾಯ್ಲರಿಗೆ ತರುತ್ತಾರೆ. ನೀರು ಗೊತ್ತಾದ ಮಟ್ಟಕ್ಕೆ ಕಾದೊಡನೆ ಬೆಂಕಿಯು ತಾನೇ ಆರುತ್ತದೆ. ನೀರು ಆರಿದರೆ ಮತ್ತೆ ಹೊತ್ತುತ್ತದೆ. ಇದನ್ನು ನಡೆಸುವ ಸಾಧನಕ್ಕೆ ಥರ್ಮೋಸ್ಟ್ಯಾಟ್ ಎಂದು ಹೆಸರು. ನಮ್ಮ ಮನೆಗಳ ಗೀಸರಿನ ಕೆಂಪು ದೀಪವು ತಾನಾಗಿಯೇ ಆರುವುದೂ ಹೊತ್ತುವುದೂ ಇದರಿಂದಲೇ. ಆ ಹೆಸರಿನ ಸಾಧನಕ್ಕೆ 1830ರಲ್ಲಿ ಪೇಟೆಂಟು ಪಡೆದ ಆಂಡ್ರ್ಯೂ ಊರ್ ಎಂಬ ರಸಾಯನಶಾಸ್ತ್ರಜ್ಞನು ಗ್ಲಾಸ್ಗೋದಲ್ಲಿ ಅಧ್ಯಾಪಕನಾಗಿದ್ದವನು. ಅವನು ಪಾಠ ಹೇಳುತ್ತಿದ್ದ ವಿದ್ಯಾಸಂಸ್ಥೆಯಾದರೋ, ವಾಟನಿಗೆ ದುರಸ್ತಿಗೆ ಬಂದ ಮಾದರಿಯಂತ್ರದ ಒಡೆಯ ಆಂಡರ್ಸನ್ನನ ಮರಣಶಾಸನದಿಂದ ಸ್ಥಾಪಿತವಾದುದು!

ಆದರೆ ಈ ಏರ್ಪಾಟಿನಲ್ಲಿಯೂ ವಾಟನು ಕಂಡ ಹಳೆಯ ತಪ್ಪು ವೇಷ ಮರೆಸಿಕೊಂಡು ನುಸುಳುತ್ತದೆ. ಬಾಯ್ಲರನ್ನು ಅತಿ ಕಠಿಣವಾದ ಚಳಿಗೆ ಸಾಲುವಂತೆ ದೊಡ್ಡದಾಗಿ ಇಟ್ಟಿರುತ್ತಾರೆ. ಚಳಿಯು ಕಡಮೆಯಾದ ದಿನಗಳಲ್ಲಿ ಮನೆಗೆ ಅಷ್ಟು ಕಾವು ಬೇಡ. ಆಗ ನೀರು ಬೇಗನೆ ಕಾದು ಬೆಂಕಿ ಆರುತ್ತದೆ. ತುಸು ಹೊತ್ತಿಗೆ ಮತ್ತೆ ಹೊತ್ತುತ್ತದೆ. ಕೂಡಲೇ ಮತ್ತೆ ಆರುತ್ತದೆ. ಪ್ರತಿಸಲ ಹೊತ್ತುವ ಮುನ್ನ ಒಲೆಯ ಗೂಡಿನೊಳಗೆ ಗಾಳಿಯನ್ನು ಊದಿ ಹೊರಹಾಕಬೇಕು. ಆ ಗಾಳಿಯೊಡನೆ ಕಾವೂ ಚಿಮಣಿಯಿಂದ ಹಾರಿಹೋಗುತ್ತದೆ. ಬಿಸಿಯಾದ ಲೋಹವು ಆರಿ, ಪುನಃ ಕಾಯಬೇಕು. ಯಂತ್ರದ ಭಾಗಗಳೂ ಬೇಗ ಸವೆಯುತ್ತವೆ. ಕಾವಲಿಯನ್ನು ಆರಿಸಿ ಆರಿಸಿ ಕಾಯಿಸಿದ ಕಥೆಯೇ ಇದು! ಪರಿಹಾರವೂ ವಾಟನ ಹಾದಿಯದೇ. ನೀರನ್ನು 80 ಡಿಗ್ರಿಗೆ ಕಾಯಿಸಿ ನಿಲ್ಲಿಸುವುದಕ್ಕಿಂತ, ಹವೆಗೆ ತಕ್ಕಂತೆ 50 ಡಿಗ್ರಿಯಷ್ಟಕ್ಕೆ ಕಾಯಿಸಿ, ಚಿಕ್ಕ ಉರಿಯನ್ನು ದೀರ್ಘಕಾಲ ಒಂದೇ ಸಮನೆ ಉರಿಸುವುದು ಮೇಲು. ಗವರ್ನರಿನ ಗುಂಡುಗಳು ಉಗಿಯ ಬಾಗಿಲನ್ನು ಪೂರ್ತಿ ಮುಚ್ಚದೆ ತುಸುತುಸುವೇ ಹೊಂದಿಸುವಂತೆ, ಇಂದಿನ ಒಳ್ಳೆಯ ಬಾಯ್ಲರುಗಳು ಉರಿಯನ್ನು ತಗ್ಗಿಸುತ್ತ ಏರಿಸುತ್ತ ಹೊಂದಿಸಿಕೊಳ್ಳುತ್ತವೆ.

ಇನ್ನೂ ಒಂದು ಸ್ವಾರಸ್ಯವಿದೆ. ಅಡುಗೆಯ ಗ್ಯಾಸಿನಂಥ ಅನಿಲವು ಉರಿದಾಗ ಅದರ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. ಕೋಣೆಗಳನ್ನು ಸುತ್ತಿ ಮರಳಿದ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ, ಆ ಆವಿಯು ಬಾಯ್ಲರಿನೊಳಗೇ ನೀರಾಗಿ, ತಾನು ಹೊತ್ತುಕೊಂಡಿದ್ದ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಮರಳುವ ನೀರು ಅದಕ್ಕಿಂತ ಬಿಸಿಯಾಗಿದ್ದರೆ ಆ ಕಾವೆಲ್ಲ ಆಕಾಶದ ಪಾಲು. ಬ್ಲ್ಯಾಕನೂ ವಾಟನೂ ಗ್ಲಾಸ್ಗೋದಲ್ಲಿ ಅಳೆದ ಅದೇ ಗುಪ್ತೋಷ್ಣವು ಇಂದಿನ ಗೃಹಸ್ಥನ ಇಂಧನದ ಖರ್ಚನ್ನು ಇಳಿಸುತ್ತಿದೆ.

ಮಹಾಪುರುಷರ ಚರಿತ್ರೆಯಲ್ಲಿ ಅವರ ಕೊರತೆಗಳನ್ನು ಮರೆಮಾಚುವುದು ಸರಿಯಲ್ಲ. ವಾಟನ ಪೇಟೆಂಟಿನ ಅವಧಿಯನ್ನು 1775ರಲ್ಲಿ ಪಾರ್ಲಿಮೆಂಟು 1800ರ ತನಕ ವಿಸ್ತರಿಸಿತು. ಆ ಹಕ್ಕನ್ನು ಅವನು ಬಿಗಿಹಿಡಿದು ಕಾದನು. ಯಂತ್ರವನ್ನು ಉತ್ತಮಪಡಿಸಲು ಹೊರಟ ಇತರರು ನ್ಯಾಯಾಲಯಗಳಲ್ಲಿ ಸೋಲಬೇಕಾಯಿತು. ಹೆಚ್ಚಿನ ಒತ್ತಡದ ಉಗಿಯನ್ನು ಬಳಸುವುದಕ್ಕೆ ಅವನು ಒಪ್ಪಲಿಲ್ಲ. ಬಾಯ್ಲರು ಸಿಡಿದು ಪ್ರಾಣಹಾನಿಯಾದೀತೆಂಬ ಅವನ ಭಯವು ಕಾರಣವಿಲ್ಲದ್ದಲ್ಲ. ಆದರೆ ರೈಲಿನ ಎಂಜಿನ್ನು ಹುಟ್ಟಿದ್ದು ಹೆಚ್ಚಿನ ಒತ್ತಡದ ಉಗಿಯಿಂದಲೇ, ಬೇರೆಯವರ ಕೈಯಿಂದ.

1800ರಲ್ಲಿ ವಾಟನು ವ್ಯಾಪಾರದಿಂದ ನಿವೃತ್ತನಾದನು. 1804ರಲ್ಲಿ ಮಗ ಗ್ರೆಗರಿಯು 27ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಮುದುಕನಿಗೆ ದೊಡ್ಡ ಪೆಟ್ಟಾಯಿತು. ಮನೆಯ ಅಟ್ಟದ ಮೇಲಿನ ಚಿಕ್ಕ ಕಾರ್ಯಾಗಾರದಲ್ಲಿ, ಶಿಲ್ಪಗಳ ಪ್ರತಿಯನ್ನು ಕೆತ್ತುವ ಯಂತ್ರವನ್ನು ಮಾಡುತ್ತ ಕೊನೆಯ ವರ್ಷಗಳನ್ನು ಕಳೆದನು. 1819ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದನು. ಆ ಅಟ್ಟದ ಸಲಕರಣೆಗಳನ್ನೆಲ್ಲ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. 1882ರಲ್ಲಿ ವಿಜ್ಞಾನಿಗಳು ಶಕ್ತಿಯ ಮಾನಕ್ಕೆ ಅವನ ಹೆಸರನ್ನಿಟ್ಟರು. ನೀವು ಓದುವ ದೀಪದ ಮೇಲೆ ಇಷ್ಟು ವಾಟ್ ಎಂದು ಅಚ್ಚಾಗಿರುವುದು ಅವನ ಹೆಸರೇ.

ನಮ್ಮ ಮುಂಬಯಿಗೂ ಅವನ ಋಣವುಂಟು. 1854ರಲ್ಲಿ ಕಾವಸ್‌ಜಿ ದಾವರನು ಇಲ್ಲಿ ಮೊದಲ ಹತ್ತಿಯ ಗಿರಣಿಯನ್ನು ಸ್ಥಾಪಿಸಿದನು. ಅನಂತರ ಚಿಮಣಿಗಳ ಕಾಡೇ ಬೆಳೆಯಿತು. ಉಗಿಯಿಂದ ನಡೆದ ಆ ಗಿರಣಿಗಳೇ ಹಳ್ಳಿಹಳ್ಳಿಗಳಿಂದ ಜನರನ್ನು ಈ ನಗರಕ್ಕೆ ಕರೆತಂದವು. ಗಿರಣಿಗಳು ಬಹುತೇಕ ಮುಚ್ಚಿಹೋಗಿವೆ, ನಗರವು ಉಳಿದಿದೆ.

ವಿದ್ಯಾರ್ಥಿಗಳೇ, ಕೆಟಲಿನ ಮುಚ್ಚಳವು ಕುಣಿಯುವುದನ್ನು ಸಾವಿರಾರು ಮಂದಿ ನೋಡಿದ್ದರು. ನಿಂತುಹೋದ ಒಂದು ಚಿಕ್ಕ ಯಂತ್ರದ ಮುಂದೆ ಕುಳಿತು, ಉಗಿಯು ಎಲ್ಲಿ ಹೋಯಿತೆಂದು ಅಳೆದು ನೋಡಿದವನು ಒಬ್ಬನೇ. ಕಾವಿನ ವಿಷಯದಲ್ಲಿ ಅವನು ಕಂಡುಕೊಂಡುದು ಓದಿಗೂ ಸಲ್ಲುತ್ತದೆ. ಪರೀಕ್ಷೆ ಬಂದಾಗ ಉರಿದು, ಮುಗಿದೊಡನೆ ಆರಿಹೋಗುವ ಅಭ್ಯಾಸದಲ್ಲಿ, ಆರಿದ್ದನ್ನು ಮತ್ತೆ ಕಾಯಿಸುವುದಕ್ಕೇ ಶ್ರಮವೆಲ್ಲ ವೆಚ್ಚವಾಗುವುದು. ಚಿಕ್ಕ ಉರಿಯಾದರೂ ವರ್ಷವಿಡೀ ಒಂದೇ ಸಮನೆ ಉರಿಯಲಿ.